ಘಟ್ಟ ಇಳಿದು ಹಳೇ ವಿಮಾನ ನೋಡುವ ಬಗೆ

ಹೋದ ಚಳಿಗಾಲದಲ್ಲಿ ಸಾಗರದಿಂದ ಹದಿಮೂರು ಜನ ಒಂದು ಟಿಟಿ ಮಾಡಿಕೊಂಡು ಕಾರವಾರಕ್ಕೆ ಹೋಗಿದ್ದೆವು. ಕಡಲ ದಂಡೆಯಲ್ಲಿ ತಂದು ನಿಲ್ಲಿಸಿರುವ ನೌಕಾಪಡೆಯ ದೊಡ್ಡ ವಿಮಾನ ನೋಡಬೇಕು ಅಂತ ಹೊರಟಿದ್ದು. ಇಳಿದ ಇಪ್ಪತ್ತೇ ನಿಮಿಷಕ್ಕೆ ಹನ್ನೊಂದು ಜನ ವಾಪಸ್ ಬಂದು ಗಾಡಿಯಲ್ಲಿ ಕೂತಿದ್ದರು. "ನೋಡಿ ಆಯ್ತು" ಅಂದರು. ಏನು ನೋಡಿದಿರಿ ಅಂತ ಕೇಳಿದರೆ, "ದೊಡ್ಡ ವಿಮಾನ ಮಾರಾಯ, ಮತ್ತೇನು?" ಮೂತಿಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿದ್ದರು, ಅಷ್ಟೇ. ನಾನು ಮತ್ತು ಅಕ್ಕನ ಮಗ ಮಾತ್ರ ಒಂದೂವರೆ ಗಂಟೆ ಅದರ ಸುತ್ತಲೇ ಇದ್ದೆವು.

ಈ ಲೇಖನ ಆ ಹನ್ನೊಂದು ಜನರಿಗೆ. ಹಳೇ ವಿಮಾನ ನೋಡಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಎಲ್ಲಿಂದ ನೋಡಲು ಶುರು ಮಾಡಬೇಕು ಅಂತ ಗೊತ್ತಿದ್ದರೆ ಸಾಕು.

ಯಾವುದಕ್ಕೆ ಹೋಗಬೇಕು ಅಂತ ಮೊದಲು ತೀರ್ಮಾನ ಮಾಡಿ

ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಒಂದನ್ನು ರಿಪೇರಿ ಮಾಡಿ, ಅಲ್ಲಿಗೆ ಹಳೇ ವಿಮಾನಗಳನ್ನೆಲ್ಲ ಹಾರಿಸಿಕೊಂಡು ಬಂದು ಸೇರುವ ಜಾತ್ರೆಗಳು ಇಂಗ್ಲೆಂಡಿನಲ್ಲಿ ಇವೆ. ನಮ್ಮ ಕರಾವಳಿಯಲ್ಲಿ ಅಂಥದ್ದು ಇನ್ನೂ ಇಲ್ಲ. ಆದರೆ ಅದರ ಸಾಮಗ್ರಿ ಎಲ್ಲ ಇದೆ. ಯುದ್ಧ ಕಂಡ ರನ್‌ವೇ ಇದೆ, ಹಳೇ ವಿಮಾನಗಳಿವೆ, ಅವು ಮಲೆನಾಡಿಗೆ ಒಂದು ಹಗಲಿನ ದಾರಿಯಲ್ಲೇ ಇವೆ.

ದಕ್ಷಿಣ ಭಾರತಕ್ಕೆ ಯುದ್ಧದ ಬಿಸಿ ತಟ್ಟಿದ್ದು 1942ರ ಏಪ್ರಿಲ್‌ನಲ್ಲಿ. 5ನೇ ತಾರೀಕು ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡದ ಸರದಿ. ಇಲ್ಲಿವರೆಗೂ ಬರುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಗದ್ದೆ, ಗೋಮಾಳ ಅನ್ನದೆ ಸಮತಟ್ಟಾದ ಜಾಗ ಸಿಕ್ಕಲ್ಲೆಲ್ಲ ರನ್‌ವೇ ಹಾಕುವ ಕೆಲಸ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 1942ರದ್ದು. ಕೊಯಮತ್ತೂರಿನ ಹತ್ತಿರದ ಸೂಲೂರೂ ಯುದ್ಧಕಾಲದ್ದೇ.

ಆದ್ದರಿಂದ ನನ್ನ ಸಲಹೆ ಇದು. ಮೊದಲ ಸಲ ಹೋಗುವವರು ಕಾರವಾರ ಮತ್ತು ಗೋವಾದ ವಾಸ್ಕೊ, ಎರಡನ್ನೂ ಸೇರಿಸಿ ಎರಡು ದಿನದ ಪ್ರವಾಸ ಮಾಡಿ. ಕಾರವಾರದಲ್ಲಿ ಒಂದೇ ಒಂದು ದೈತ್ಯ ಇದೆ. ವಾಸ್ಕೊ ಪಕ್ಕದ ಬೊಗ್ಮಾಳೊದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. 1998ರಲ್ಲಿ ಶುರುವಾದದ್ದು. ಹತ್ತಾರು ವಿಮಾನ ಒಂದೇ ಅಂಗಳದಲ್ಲಿ ಸಿಗುತ್ತವೆ. ಹಾರುವುದನ್ನೇ ನೋಡಬೇಕು ಅನ್ನುವವರಿಗೆ ಬೆಂಗಳೂರಿನ ಯಲಹಂಕ. ಅದರ ಸುದ್ದಿ ಕೊನೆಗೆ ಹೇಳುತ್ತೇನೆ.

ಹೊರಡುವ ಮೊದಲು

ಮಳೆಗಾಲ ಬೇಡವೇ ಬೇಡ. ಇದು ನೆನೆಯುವ ಭಯಕ್ಕೆ ಹೇಳಿದ್ದಲ್ಲ, ಮಳೆಗೆ ಹೆದರಿದರೆ ನಾವು ಮಲೆನಾಡಿನವರೇ ಅಲ್ಲ. ದಾರಿಯ ಭಯ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದು ಬಿತ್ತು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ರಾತ್ರೋರಾತ್ರಿ ಮುರಿಯಿತು. ನೀವು ಹೋಗಬೇಕಾಗಿರುವುದು ಅದೇ ದಾರಿಯಲ್ಲಿ. ಅದೂ ಅಲ್ಲದೆ ವಿಮಾನಗಳು ನಿಂತಿರುವುದು ಬಯಲಲ್ಲಿ. ಮಳೆಯಲ್ಲಿ ಕೊಡೆ ಹಿಡಿದುಕೊಂಡು ರೆಕ್ಕೆಯ ಅಡಿ ನೋಡುವುದು ಆಗದ ಮಾತು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೇ ಕಾಲ. ಆದರೆ ಆಗಲೇ ಅಡಿಕೆ ಕೊಯ್ಲು. ಕೊನೆಗೌಡ ಬರುವ ದಿನ ನೋಡಿಕೊಂಡು ತಾರೀಕು ಇಟ್ಟುಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ವಾರ ನೋಡಿಕೊಳ್ಳಿ. ಮ್ಯೂಸಿಯಂಗಳಿಗೆ ಸೋಮವಾರ ರಜೆ ಇರುವುದು ಜಾಸ್ತಿ. ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಒಮ್ಮೆ ಎಂಟು ಜನರನ್ನು ಕಟ್ಟಿಕೊಂಡು ಬೆಳಗಿನ ಜಾವ ಮೂರಕ್ಕೆ ಹೊರಟು, ಹತ್ತೂವರೆಗೆ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದೆ. ಸೋಮವಾರ. ಸರಳಿನ ಸಂದಿಯಿಂದ ಒಂದು ಬಾಲ ಕಂಡಿತು. ಅದೇ ಬಾಲ ನೋಡಿಕೊಂಡು ಕೋಡುಬಳೆ ತಿಂದು ವಾಪಸ್ ಬಂದೆವು. ಈಗಲೂ ನಮ್ಮ ಭಾವ ಯಾವ ಕಾರ್ಯಕ್ರಮಕ್ಕೆ ಕರೆದರೂ "ಸೋಮವಾರ ಅಲ್ವಲ್ಲ?" ಅಂತಲೇ ಕೇಳುತ್ತಾರೆ. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿ. ಎಲ್ಲರ ಆಧಾರ್ ಕಾರ್ಡ್ ಇಟ್ಟುಕೊಳ್ಳಿ.

ಚೀಲದಲ್ಲಿ ಏನಿರಬೇಕು? ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಆಯಿತು. ಮಕ್ಕಳಿಗೆ ಗೆರೆ ಇಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್. ಫೋಟೋಕ್ಕಿಂತ ಚಿತ್ರ ಬರೆದಾಗ ಹುಡುಗರು ಹೆಚ್ಚು ನೋಡುತ್ತಾರೆ. ಸಣ್ಣ ಟಾರ್ಚ್ ಒಂದು ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಏರ್‌ಫೀಲ್ಡಿನಲ್ಲಿ ನೆರಳು ಇರುವುದಿಲ್ಲ. ತೋಟದ ಕೆಲಸಕ್ಕೆ ಹಾಕುವ ಹಾಳೆಟೊಪ್ಪಿ ಅಲ್ಲಿಗೆ ಬಹಳ ಚಂದ. ನಾಚಿಕೆ ಬಿಟ್ಟು ಹಾಕಿಕೊಳ್ಳಿ. ಕಡಲ ಗಾಳಿಗೆ ಹಾರಿಹೋಗದ ಹಾಗೆ ಗದ್ದಕ್ಕೊಂದು ದಾರ ಕಟ್ಟಿ. ಕುಡಿಯಲು ಮುರುಗಲ ಹಣ್ಣಿನ ಶರಬತ್ತು ಸಾಕು. ಅಪ್ಪೆಹುಳಿ ಬೇಡ. ಅದನ್ನು ಕುಡಿದರೆ ನಿದ್ದೆ ಬರುತ್ತದೆ, ಡ್ರೈವರ್‌ಗಂತೂ ತೋರಿಸಲೂ ಬೇಡಿ.

ಇನ್ನೊಂದು ಕೆಲಸ ಇದೆ, ಜನ ಇದನ್ನು ಬಿಡುತ್ತಾರೆ. ಹೋಗುವ ಮೊದಲು ಒಂದು ಸಲ ಶಿವಮೊಗ್ಗದ ಸೋಗಾನೆಗೆ ಹೋಗಿ ಬನ್ನಿ. ಕುವೆಂಪು ಅವರ ಹೆಸರಿನ ನಮ್ಮ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಆ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಬಂದದ್ದು ಎಟಿಆರ್, ಎರಡು ಪ್ರೊಪೆಲ್ಲರ್‌ನದ್ದು. ಅದು ಹೊಸದೇ ಇರಬಹುದು, ಆದರೆ ಪ್ರೊಪೆಲ್ಲರ್ ಇರುವ ವಿಮಾನ ಹೇಗೆ ಏಳುತ್ತದೆ, ಯಾವ ಸದ್ದು ಮಾಡುತ್ತದೆ ಅನ್ನುವುದು ಕಿವಿಗೆ ಒಮ್ಮೆ ಕೂತರೆ ಮುಂದೆ ನೋಡುವುದೆಲ್ಲ ಅರ್ಥ ಆಗುತ್ತದೆ. ನಮ್ಮ ರನ್‌ವೇ 3200 ಮೀಟರ್ ಉದ್ದ. ಯುದ್ಧಕಾಲದಲ್ಲಿ ಬ್ರಿಟಿಷರು ಭಾರೀ ಬಾಂಬರ್‌ಗಳಿಗೆ ಹಾಕುತ್ತಿದ್ದ ಮುಖ್ಯ ರನ್‌ವೇ ಸುಮಾರು 1830 ಮೀಟರ್ ಇತ್ತು, ಅಷ್ಟೇ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ.

ದಾರಿ

ಶಿವಮೊಗ್ಗ, ಸಾಗರ, ತಾಳಗುಪ್ಪ, ಜೋಗದ ಕೈಮರ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಅಲ್ಲಿಂದ ಬಲಕ್ಕೆ ತಿರುಗಿ ಹೆದ್ದಾರಿ 66ರಲ್ಲಿ ಕುಮಟಾ, ಅಂಕೋಲಾ, ಕಾರವಾರ. ಸಾಗರದಿಂದ ಹೊನ್ನಾವರ ಸುಮಾರು 90 ಕಿಲೋಮೀಟರ್, ಅಲ್ಲಿಂದ ಕಾರವಾರಕ್ಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಸ್ವಂತ ಗಾಡಿ ಇಲ್ಲದವರು ಹೊನ್ನಾವರದವರೆಗೆ ಬಸ್ಸಿನಲ್ಲಿ ಬಂದು ಕೊಂಕಣ ರೈಲು ಹಿಡಿಯಬಹುದು. ಅದೇ ರೈಲು ಮಡಗಾಂವಿಗೂ ಹೋಗುತ್ತದೆ.

ಜೋಗದಲ್ಲಿ ಇಳಿಯಬೇಡಿ. ಇಳಿದರೆ ಅಲ್ಲೇ ಹನ್ನೊಂದು ಗಂಟೆ. ಜೋಗ ಎಲ್ಲಿಗೂ ಹೋಗುವುದಿಲ್ಲ.

ಕಾರವಾರಕ್ಕೆ ಸ್ವಲ್ಪ ಮೊದಲು ಅರ್ಗಾ ಸುತ್ತಮುತ್ತ ನೌಕಾನೆಲೆ ಶುರುವಾಗುತ್ತದೆ. ಐಎನ್‌ಎಸ್ ಕದಂಬ, ಜನ ಸೀಬರ್ಡ್ ಅಂತಲೇ ಹೇಳುವುದು. ರಸ್ತೆ ಪಕ್ಕದ ಗೋಡೆ, ಗೇಟು, ಹಡಗು ಯಾವುದರದ್ದೂ ಫೋಟೋ ಬೇಡ. ಡ್ರೋನ್ ಮನೆಯಲ್ಲೇ ಇರಲಿ. ವಾಸ್ಕೊದಲ್ಲೂ ಇದೇ ನಿಯಮ. ಮ್ಯೂಸಿಯಂ ಒಳಗೆ ಮಾತ್ರ, ಅದೂ ಕೇಳಿಕೊಂಡು.

ಕಾರವಾರದ ದೈತ್ಯ

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಎರಡು ಇವೆ. ಒಂದು ಚಪಲ್ ಅನ್ನುವ ಕ್ಷಿಪಣಿ ಹಡಗು. ಇನ್ನೊಂದು ರಷ್ಯಾದ ಟುಪೊಲೆವ್ 142. ಇದು ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನ. ನಮ್ಮ ನೌಕಾಪಡೆ 1988ರಲ್ಲಿ ಇಂಥ ಎಂಟನ್ನು ತೆಗೆದುಕೊಂಡಿತು. ಮೊದಲು ಗೋವಾದಲ್ಲಿದ್ದವು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. 2017ರ ಮಾರ್ಚ್ 29ಕ್ಕೆ ನಿವೃತ್ತಿ. ಕಾರವಾರಕ್ಕೆ ಇದು ಹಾರಿ ಬಂದದ್ದಲ್ಲ. ಬಿಚ್ಚಿ, ತುಂಡು ತುಂಡಾಗಿ ಲಾರಿಯಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಹಳೇ ಮನೆಯ ಕಂಬ, ತೊಲೆ ಬಿಚ್ಚಿ ತಂದು ಬೇರೆ ಕಡೆ ಎಬ್ಬಿಸುತ್ತಾರಲ್ಲ, ಹಾಗೆ.

ಮೂತಿಗೆ ಹೋಗಬೇಡಿ. ಬಾಲದಿಂದ ಮೂತಿಯವರೆಗೆ ಒಂದು ಸಲ ಸುಮ್ನೆ ನಡೆಯಿರಿ, ಹೆಜ್ಜೆ ಎಣಿಸಿಕೊಂಡು. ಉದ್ದ 53 ಮೀಟರ್. ನನಗೆ ಎಪ್ಪತ್ತು ಹೆಜ್ಜೆ ಆಯಿತು, ಅಕ್ಕನ ಮಗನಿಗೆ ತೊಂಬತ್ತೆರಡು. ಆಮೇಲೆ ಒಂದು ಎಂಜಿನ್ನಿನ ಎದುರು ನಿಂತುಕೊಳ್ಳಿ. ಪ್ರೊಪೆಲ್ಲರ್ ಒಂದರ ಹಿಂದೆ ಇನ್ನೊಂದು ಇರುತ್ತದೆ. ಎಲೆಗಳ ವಾರೆ ನೋಡಿ. ಮುಂದಿನದು ಒಂದು ಕಡೆ ವಾಲಿದ್ದರೆ ಹಿಂದಿನದು ಇನ್ನೊಂದು ಕಡೆ. ಅಂದರೆ ಎರಡೂ ತಿರುಗುವುದು ಎದುರುಬದುರು. ಒಂದೇ ಪ್ರೊಪೆಲ್ಲರ್ ಆದರೆ ಅದು ಹಿಂದೆ ತಳ್ಳುವ ಗಾಳಿ ತಿರುಚಿಕೊಂಡು ಹೋಗುತ್ತದೆ, ಅಷ್ಟು ಶಕ್ತಿ ದಂಡ. ಹಿಂದಿನದು ಆ ತಿರುಚನ್ನು ನೇರ ಮಾಡಿ ಅದನ್ನೂ ದುಡಿಸಿಕೊಳ್ಳುತ್ತದೆ. ಒಂದೊಂದು ಎಂಜಿನ್ ಸುಮಾರು 15,000 ಅಶ್ವಶಕ್ತಿ. ನಮ್ಮ ತೋಟದ ಪಂಪ್‌ಸೆಟ್ ಐದರದ್ದು.

ರೆಕ್ಕೆ ಹಿಂದಕ್ಕೆ ವಾಲಿದೆ ಅಲ್ವಾ? ಹಾಗೆ ವಾಲಿಸುವುದು ಜೆಟ್‌ಗಳಿಗೆ. ಪ್ರೊಪೆಲ್ಲರ್ ಇದ್ದೂ ಇದು ಜೆಟ್ಟಿನ ಹತ್ತಿರ ಹತ್ತಿರದ ವೇಗದಲ್ಲಿ ಹೋಗುತ್ತಿತ್ತು. ಇದರ ಮೂಲಪುರುಷ ಟುಪೊಲೆವ್ 95 ಮೊದಲು ಹಾರಿದ್ದು 1952ರಲ್ಲಿ. ಹಾಗಾಗಿ 1988ರಲ್ಲಿ ಕೊಂಡರೂ ಮೈಕಟ್ಟು ಹಳೇ ತಲೆಮಾರಿನದೇ.

ಫೋಟೋ ಬೇಕಾದರೆ ಸಂಜೆ ತೆಗೆಯಿರಿ. ಬೆಳಿಗ್ಗೆ ಸೂರ್ಯ ಗುಡ್ಡದ ಕಡೆಯಿಂದ ಬರುತ್ತಾನೆ, ಕಡಲಿನ ಕಡೆ ನಿಂತವರಿಗೆ ಕಣ್ಣಿಗೇ ಹೊಡೆಯುತ್ತದೆ. ರಾತ್ರಿ ಕಾರವಾರದಲ್ಲೇ ಉಳಿದು ಬೆಳಿಗ್ಗೆ ಏಳಕ್ಕೆ ಗೋವಾ ಕಡೆ ಹೊರಡಿ.

ಬೊಗ್ಮಾಳೊದಲ್ಲಿ ವಿಮಾನ ಓದುವುದು

ಪಕ್ಕದ ದಾಬೋಲಿಂ ರನ್‌ವೇಯ ಕಥೆ ತಿಳಿದುಕೊಂಡೇ ಒಳಗೆ ಹೋಗಿ. ಅದನ್ನು ಕಟ್ಟಿದ್ದು ಪೋರ್ಚುಗೀಸರು, 1950ರ ದಶಕದಲ್ಲಿ. 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ಆ ರನ್‌ವೇ ಮೇಲೆ ಬಾಂಬ್ ಹಾಕಿ ಗುಂಡಿ ಎಬ್ಬಿಸಿದವು. ಆದರೂ ಆ ರಾತ್ರಿ ಪೋರ್ಚುಗೀಸರ ಎರಡು ಪ್ರಯಾಣಿಕ ವಿಮಾನಗಳು ಕತ್ತಲಲ್ಲೇ ಎದ್ದು ಕರಾಚಿಗೆ ಪರಾರಿಯಾದವು. ಅದರಲ್ಲಿ ಒಂದು ಸೂಪರ್ ಕಾನ್‌ಸ್ಟಲೇಷನ್. ಈಗ ಮ್ಯೂಸಿಯಂ ಅಂಗಳದಲ್ಲಿ ಇರುವ ವಿಮಾನಗಳಲ್ಲಿ ಅತಿ ದೊಡ್ಡದು ಯಾವುದು ಗೊತ್ತೇ? ಅದೇ ಜಾತಿಯ ಇನ್ನೊಂದು ಸೂಪರ್ ಕಾನ್‌ಸ್ಟಲೇಷನ್. ಏರ್ ಇಂಡಿಯಾದಲ್ಲಿ ದುಡಿದು, ವಾಯುಪಡೆಗೆ ಹೋಗಿ, ಕೊನೆಗೆ ನೌಕಾಪಡೆಗೆ ಬಂದದ್ದು.

ಈಗ ನೋಡುವ ಕ್ರಮ. ನಾನು ಕೆಳಗಿನಿಂದ ಮೇಲಕ್ಕೆ ನೋಡುತ್ತೇನೆ. ದನ ಕೊಳ್ಳುವವರು ಮೊದಲು ಕಾಲು, ಗೊರಸು ನೋಡುತ್ತಾರಲ್ಲ, ಹಾಗೆ.

ಮೊದಲು ಗಾಲಿ. ಸಣ್ಣ ಗಾಲಿ ಮೂತಿಯ ಕೆಳಗಿದೆಯೋ ಬಾಲದ ಕೆಳಗಿದೆಯೋ? ಬಾಲದಡಿ ಇದ್ದರೆ ಬಹುಮಟ್ಟಿಗೆ ಹಳೇ ಕಾಲದ ವಿನ್ಯಾಸ. ಅಂಥ ವಿಮಾನ ನೆಲದ ಮೇಲೆ ಮೂತಿ ಎತ್ತಿಕೊಂಡು ನಿಂತಿರುತ್ತದೆ. ಓಡಿಸುವವನಿಗೆ ಮುಂದಿನ ನೆಲ ಕಾಣುವುದಿಲ್ಲ. ಅದಕ್ಕೇ ಅವು ನೆಲದ ಮೇಲೆ ಹೋಗುವಾಗ ಹಾವಿನ ಹಾಗೆ ಅತ್ತ ಇತ್ತ ಮಾಡಿಕೊಂಡು ಹೋಗುತ್ತವೆ. ಮೂತಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ದಾರಿ ಕಾಣುವುದು. ಫೇರಿ ಫೈರ್‌ಫ್ಲೈ ಮುಂದೆ ನಿಂತು ಇದನ್ನು ನೋಡಬಹುದು.

ಆಮೇಲೆ ಕಾಲು. ಹಡಗಿನ ಮೇಲೆ ಇಳಿಯುವ ವಿಮಾನಗಳ ಕಾಲು ದಪ್ಪ. ಅವು ಇಳಿಯುವುದಲ್ಲ, ಒಂದು ರೀತಿ ಬೀಳುವುದು. ಸೀ ಹಾಕ್ ವಿಮಾನದ ಹಿಂಭಾಗದ ಅಡಿಯಲ್ಲಿ ಒಂದು ಕೊಕ್ಕೆ ಇದೆ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ನೆನಪಾಗುತ್ತದೆ. ಹಡಗಿನ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಅದು ಸಿಕ್ಕಿಕೊಂಡರೆ ವಿಮಾನ ನಿಂತಿತು. ಸಿಗದಿದ್ದರೆ ಮತ್ತೆ ಪೂರ್ತಿ ಶಕ್ತಿ ಕೊಟ್ಟು ಮೇಲೇರಬೇಕು. ಈ ಸೀ ಹಾಕ್‌ಗಳೇ 1971ರಲ್ಲಿ ವಿಕ್ರಾಂತ್ ಹಡಗಿನಿಂದ ಎದ್ದು ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು.

ಮೂರನೆಯದು ರೆಕ್ಕೆ. ನಡುವೆ ಒಂದು ಸೀಳು ಕಾಣುತ್ತದಾ ನೋಡಿ. ಸೀ ಹಾಕ್, ಅಲಿಝೆ ಎರಡಕ್ಕೂ ಇದೆ. ಅಲ್ಲಿ ಬಾಗಿಲಿನ ತಿರುಗಣಿ ಥರ ಬಂದೋಬಸ್ತು ಇರುತ್ತದೆ. ಹಡಗಿನಲ್ಲಿ ಜಾಗ ಕಡಿಮೆ, ಕೆಳಗಿಳಿಸುವ ಲಿಫ್ಟಿನಲ್ಲಿ ಇನ್ನೂ ಕಡಿಮೆ. ಹಾಗಾಗಿ ರೆಕ್ಕೆ ಮಡಚಿ ಇಡುತ್ತಾರೆ. ಟಾರ್ಚ್ ತರಲು ಹೇಳಿದ್ದು ಇದಕ್ಕೇ. ಆ ಸೀಳಿನೊಳಗೆ, ಗಾಲಿ ಮಡಚಿಕೊಳ್ಳುವ ಗೂಡಿನೊಳಗೆ ಬೆಳಕು ಬಿಟ್ಟು ನೋಡಿ. ಹೊರಗೆ ಬಣ್ಣ ಬಳಿದಿರುತ್ತಾರೆ, ಒಳಗೆ ಹಳೇ ಪೈಪು, ವೈರು, ಅಂಟಿದ ಎಣ್ಣೆ ಹಾಗೇ ಇರುತ್ತದೆ. ವಿಮಾನದ ನಿಜವಾದ ವಯಸ್ಸು ಕಾಣುವುದು ಅಲ್ಲಿ. ಮುಟ್ಟಬೇಡಿ, ಹಗ್ಗ ದಾಟಬೇಡಿ.

ನಾಲ್ಕನೆಯದು ಚರ್ಮ. ತಗಡು ಆದರೆ ಅದನ್ನು ಜೋಡಿಸಿರುವ ರಿವೆಟ್ ಮೊಳೆ ನೋಡಿ. ಗುಂಡು ತಲೆ ಹೊರಗೆ ಕಾಣುತ್ತಿದ್ದರೆ ನಿಧಾನದ ವಿಮಾನ. ತಲೆ ತಗಡಿನ ಸಮಕ್ಕೆ ಕೂತಿದ್ದರೆ ವೇಗದ್ದು, ಗಾಳಿಗೆ ತಡೆ ಆಗಬಾರದು ಅಂತ. ಎಲ್ಲಾದರೂ ಟೈಗರ್ ಮಾತ್ ಅನ್ನುವ ಹಳೇ ತರಬೇತಿ ವಿಮಾನ ಸಿಕ್ಕಿದರೆ ಅದರ ಮೈ ತಗಡಲ್ಲ, ಬಟ್ಟೆ. ಬಟ್ಟೆ ಎಳೆದು ಕಟ್ಟಿ ಅದಕ್ಕೆ ಡೋಪ್ ಅನ್ನುವ ದ್ರಾವಣ ಬಳಿಯುತ್ತಾರೆ. ಒಣಗುತ್ತಾ ಬಿಗಿಯಾಗಿ ಮದ್ದಳೆಯ ಮುಚ್ಚಿಗೆ ಹಾಗೆ ಆಗುತ್ತದೆ. ಇನ್ನು ವ್ಯಾಂಪೈರ್ ಮುಂದೆ ಮಲೆನಾಡಿನವರು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಅದು ಜೆಟ್, 1948ರಲ್ಲಿ ನಮ್ಮ ದೇಶದ ವಾಯುಪಡೆಗೆ ಬಂದ ಮೊದಲ ಜೆಟ್ಟೇ ವ್ಯಾಂಪೈರ್. ಆದರೆ ಪೈಲಟ್ ಕೂರುವ ಆ ಮೊಟ್ಟೆಯಂಥ ಭಾಗ ಮರದ್ದು! ಬಾಲ್ಸಾ ಅನ್ನುವ ಹಗುರ ಮರವನ್ನು ನಡುವೆ ಇಟ್ಟು, ಎರಡು ಕಡೆ ಪ್ಲೈವುಡ್ ಅಂಟಿಸಿ ಮಾಡಿದ್ದು. "ಮಾವ, ಮರದ್ದು ಜೆಟ್ ಹೌದಾ?" ಅಂತ ಅಕ್ಕನ ಮಗ ಮೂರು ಸಲ ಕೇಳಿದ. ಹೌದು ಮಾರಾಯ.

ಎಂಜಿನ್ ಐದನೆಯದು. ಮುಂದಿನಿಂದ ನೋಡಿದಾಗ ದುಂಡಗೆ, ಸೂರ್ಯಕಾಂತಿ ಹೂವಿನ ಹಾಗೆ ಸಿಲಿಂಡರ್‌ಗಳು ಸುತ್ತ ಜೋಡಿಸಿದ್ದರೆ ಅದು ರೇಡಿಯಲ್ ಎಂಜಿನ್. ತಣಿಸಲು ನೀರು ಬೇಡ, ಗಾಳಿ ಸಾಕು. ನೀರಿನ ಪೈಪು ಇಲ್ಲ ಅಂದರೆ ಅದಕ್ಕೆ ಗುಂಡು ಬೀಳುವ ಭಯವೂ ಇಲ್ಲ. ಕಡಲ ಮೇಲೆ ಹಾರುವವರಿಗೆ ಇದೇ ಧೈರ್ಯ.

ಕೊನೆಗೆ ಬಾಲ. ಸೂಪರ್ ಕಾನ್‌ಸ್ಟಲೇಷನ್‌ಗೆ ಮೂರು ಬಾಲದ ರೆಕ್ಕೆ ಯಾಕೆ ಅಂತ ಮಕ್ಕಳನ್ನೇ ಕೇಳಿ. ಒಂದೇ ಎತ್ತರದ ಬಾಲ ಇಟ್ಟರೆ ಆಗಿನ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು) ಬಾಗಿಲಿನಲ್ಲಿ ನುಗ್ಗುತ್ತಿರಲಿಲ್ಲ. ಅದನ್ನು ಮೂರಾಗಿ ಹಂಚಿದರು. ತಲೆ ಬಗ್ಗಿಸಿ ಒಳಗೆ ಹೋಗುವ ಹಳೇ ಮನೆ ಬಾಗಿಲು ಕಂಡವರಿಗೆ ಇದನ್ನು ವಿವರಿಸುವುದು ಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಮೂತಿಗೆ ಬನ್ನಿ. ಈಗ ಫೋಟೋ ತೆಗೆಸಿಕೊಳ್ಳಿ, ಧಾರಾಳವಾಗಿ.

ಎಲ್ಲ ವಿಮಾನಕ್ಕೂ ಇಷ್ಟು ಮಾಡಲು ಹೋದರೆ ಸಂಜೆಯಾಗುತ್ತದೆ, ಮಕ್ಕಳು ಅಳುತ್ತಾರೆ. ಮೂರು ಆರಿಸಿಕೊಳ್ಳಿ. ನನ್ನ ಆಯ್ಕೆ ಸೀ ಹಾಕ್, ವ್ಯಾಂಪೈರ್, ಮತ್ತು ಶಾರ್ಟ್ ಸೀಲ್ಯಾಂಡ್. ಈ ಮೂರನೆಯದು ನೀರಲ್ಲೂ ನೆಲದಲ್ಲೂ ಇಳಿಯುವಂಥದ್ದು. 1953ರಲ್ಲಿ ಕೊಚ್ಚಿಯಲ್ಲಿ ನಮ್ಮ ನೌಕಾಪಡೆಯ ವಿಮಾನ ದಳ ಶುರುವಾದದ್ದೇ ಇಂಥ ಸೀಲ್ಯಾಂಡ್‌ಗಳಿಂದ. ಅದರ ಹೊಟ್ಟೆ ದೋಣಿಯ ತಳದ ಹಾಗಿದೆ. ಮಿಕ್ಕವನ್ನು ಹಾಗೇ ನೋಡಿಕೊಂಡು ಬಂದರಾಯಿತು. ಮೇಲಿನ ಮಹಡಿಯ ಗ್ಯಾಲರಿಗಳಿಗೆ ಅರ್ಧ ಗಂಟೆ ಸಾಕು.

ಗೇಟಿನಲ್ಲೋ ಅಂಗಳದಲ್ಲೋ ನಿವೃತ್ತ ನೌಕಾಪಡೆಯವರು ಯಾರಾದರೂ ಸಿಕ್ಕರೆ "ಸರ್, ನೀವು ಇದರಲ್ಲಿ ಕೆಲಸ ಮಾಡಿದ್ದಿರಾ?" ಅಂತ ಒಂದು ಮಾತು ಕೇಳಿ ನೋಡಿ. ಫಲಕದಲ್ಲಿ ಬರೆಯದ ಸಂಗತಿ ಅಲ್ಲೇ ಸಿಗುವುದು. ನಮಗೆ ಸಿಕ್ಕ ಒಬ್ಬರು ಕಡಲ ಉಪ್ಪಿನ ಬಗ್ಗೆಯೇ ಅರ್ಧ ಗಂಟೆ ಹೇಳಿದರು. ಹಾರಿ ಬಂದ ವಿಮಾನಕ್ಕೆ ಸಿಹಿನೀರಿನ ಸ್ನಾನ ಮಾಡಿಸದಿದ್ದರೆ ತಗಡು ಪುಡಿಪುಡಿ ಆಗುತ್ತದಂತೆ. ನಮ್ಮಲ್ಲಿ ಮಳೆಗಾಲಕ್ಕೆ ಹಂಚಿನ ಮೇಲೆ ಪಾಚಿ, ಅವರಲ್ಲಿ ವರ್ಷವಿಡೀ ಉಪ್ಪು.

ಹಾರುವುದನ್ನೇ ನೋಡಬೇಕು ಅನ್ನುವವರಿಗೆ

ಯಲಹಂಕದ ಏರೋ ಇಂಡಿಯಾ 1996ರಲ್ಲಿ ಶುರುವಾಯಿತು. ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅದು ಹೊಸ ಯುದ್ಧವಿಮಾನಗಳ ಸಂತೆ, ನಿಜ. ಆದರೆ ವಾಯುಪಡೆ ಒಂದಿಷ್ಟು ಹಳೇ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟುಕೊಂಡಿದೆ. ಟೈಗರ್ ಮಾತ್, ತರಬೇತಿಯ ಹಾರ್ವರ್ಡ್, ಸಾಮಾನು-ಸೈನಿಕರನ್ನು ಹೊರುವ ಡಕೋಟಾ. ಅಕ್ಟೋಬರ್ 8ರ ವಾಯುಪಡೆ ದಿನಕ್ಕೆ ಅವು ಹಾರಿದ್ದುಂಟು. ಟಿಕೆಟ್ ಮಾಡಿಸುವ ಮೊದಲು ಆ ವರ್ಷದ ಪಟ್ಟಿಯಲ್ಲಿ ಈ ಹೆಸರುಗಳು ಇವೆಯಾ ನೋಡಿಕೊಳ್ಳಿ.

ಆ ಡಕೋಟಾದ ಹೆಸರು ಪರಶುರಾಮ. ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ, 2018ರ ಏಪ್ರಿಲ್‌ನಲ್ಲಿ ಕೊವೆಂಟ್ರಿಯಿಂದ ಅಲ್ಲಲ್ಲಿ ಇಳಿಯುತ್ತಾ ಹಾರಿಸಿಕೊಂಡೇ ದಿಲ್ಲಿ ಪಕ್ಕದ ಹಿಂಡನ್‌ಗೆ ತಂದರು. ಕೊಡಿಸಿದವರು ರಾಜೀವ್ ಚಂದ್ರಶೇಖರ್. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಮೈಮೇಲೆ ಬರೆದಿರುವ ವಿಪಿ 905 ಅನ್ನುವ ನಂಬರ್ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಹೊತ್ತುಕೊಂಡು ಹೋದ ಡಕೋಟಾದ್ದು.

ಹಳೇ ಎಂಜಿನ್ ಚಾಲೂ ಮಾಡುವುದನ್ನು ತಪ್ಪಿಸಿಕೊಳ್ಳಬೇಡಿ. ನನ್ನ ಪ್ರಕಾರ ಹಾರುವುದಕ್ಕಿಂತ ಅದೇ ಚಂದ. ಅದಕ್ಕೇ ಹೊತ್ತಿಗೆ ಮೊದಲೇ ಹೋಗಬೇಕು. ಮೊದಲು ಒಬ್ಬಿಬ್ಬರು ಬಂದು ಪ್ರೊಪೆಲ್ಲರ್ ಅನ್ನು ಕೈಯಲ್ಲೇ ನಿಧಾನ ತಿರುಗಿಸುತ್ತಾರೆ. ರೇಡಿಯಲ್ ಎಂಜಿನ್ ನಿಂತಲ್ಲೇ ನಿಂತರೆ ಕೆಳಗಿನ ಸಿಲಿಂಡರ್‌ಗಳಿಗೆ ಎಣ್ಣೆ ಇಳಿದು ತುಂಬಿಕೊಳ್ಳುತ್ತದೆ. ಅದನ್ನು ತೆಗೆಯದೆ ಸ್ಟಾರ್ಟ್ ಮಾಡಿದರೆ ಒಳಗೆ ರಾಡ್ ಬೆಂಡಾಗುತ್ತದೆ. ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಭಗ್ ಅಂತ ನೀಲಿ ಹೊಗೆ. ಹಳೇ ಡೀಸೆಲ್ ಪಂಪ್‌ಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಆ ಕೆಮ್ಮು ಪರಿಚಯ. ರೇಡಿಯಲ್ ಎಂಜಿನ್ ಎಣ್ಣೆ ಸೋರುತ್ತಿಲ್ಲ ಅಂದರೆ ಅದರಲ್ಲಿ ಎಣ್ಣೆಯೇ ಇಲ್ಲ ಅಂತ ಮೆಕ್ಯಾನಿಕ್‌ಗಳ ತಮಾಷೆ ಮಾತು. ಹಾರ್ವರ್ಡ್ ಬಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಅದರ ಪ್ರೊಪೆಲ್ಲರ್‌ನ ತುದಿ ಹೆಚ್ಚುಕಡಿಮೆ ಸದ್ದಿನ ವೇಗಕ್ಕೆ ಮುಟ್ಟಿ ಕಿರುಚುತ್ತದೆ.

ಫೋಟೋ ವಿಷಯ. ಮೊಬೈಲಿನಲ್ಲಿ ತೆಗೆದರೆ ತಿರುಗುವ ಪ್ರೊಪೆಲ್ಲರ್ ಬಾಳೆಹಣ್ಣಿನ ಹಾಗೆ ಸೊಟ್ಟ ಬರುತ್ತದೆ. ಫೋನ್ ಹಾಳಾಗಿಲ್ಲ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ತೆಗೆಯುತ್ತದೆ, ಅಷ್ಟರಲ್ಲಿ ಎಲೆ ಮುಂದೆ ಹೋಗಿರುತ್ತದೆ. ಕ್ಯಾಮೆರಾ ಇರುವವರು ಷಟರ್ ವೇಗವನ್ನು ಸೆಕೆಂಡಿನ 125ನೇ ಒಂದು ಭಾಗದಿಂದ 250ನೇ ಒಂದು ಭಾಗದ ಒಳಗೆ ಇಟ್ಟು, ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸಿ. ವೇಗ ಹೆಚ್ಚಿಟ್ಟರೆ ಪ್ರೊಪೆಲ್ಲರ್ ನಿಂತ ಹಾಗೆ ಬಂದು, ವಿಮಾನ ಈಗಲೋ ಆಗಲೋ ಬೀಳುತ್ತದೇನೋ ಅನ್ನಿಸುತ್ತದೆ. ಜೆಟ್‌ಗೆ ಮಾತ್ರ ಸೆಕೆಂಡಿನ ಸಾವಿರನೇ ಒಂದು ಭಾಗದ ಲೆಕ್ಕ.

ಗಾಡಿ ನಿಲ್ಲಿಸುವಾಗ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. 2019ರ ಏರೋ ಇಂಡಿಯಾದಲ್ಲಿ ಪಾರ್ಕಿಂಗ್ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಬೇಸಿಗೆಯ ಸೊಪ್ಪಿನಬೆಟ್ಟಕ್ಕೆ ಬೆಂಕಿ ಬೀಳುವುದನ್ನು ನೋಡಿದವರಿಗೆ ಇದು ಆಶ್ಚರ್ಯ ಅಲ್ಲ. ಬಸ್ಸಿನಲ್ಲಿ ಹೋಗುವುದೇ ಲೇಸು.

ಹಾಗೆಯೇ, ಟಿಕೆಟ್ ಉಳಿಸಲು ಬೇಲಿಯ ಹೊರಗೆ ರಸ್ತೆಯಲ್ಲಿ ನಿಂತು ನೋಡುವ ಬುದ್ಧಿ ಬೇಡ. ಇಂಗ್ಲೆಂಡಿನ ಕಡಲ ಪಕ್ಕದ ಶೋರೆಹ್ಯಾಮ್‌ನಲ್ಲಿ 2015ರ ಆಗಸ್ಟ್ 22ರಂದು ಪ್ರದರ್ಶನದ ನಡುವೆ ಒಂದು ಹಳೇ ಹಂಟರ್ ಜೆಟ್ ಪಕ್ಕದ ಹೆದ್ದಾರಿಗೆ ಬಿತ್ತು. ಸತ್ತ 11 ಜನರೂ ಬೇಲಿಯ ಹೊರಗಿದ್ದವರು. ಒಳಗೆ ಜನ ಎಲ್ಲಿ ನಿಲ್ಲಬೇಕು, ವಿಮಾನ ಎಷ್ಟು ದೂರ ಇರಬೇಕು ಅನ್ನುವ ಲೆಕ್ಕ ಇರುತ್ತದೆ. ಹೊರಗಿನವರಿಗೆ ಯಾವ ಲೆಕ್ಕವೂ ಇಲ್ಲ.

ಈಗೀಗ ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ. ಅಪ್ಪ ಅಮ್ಮ ಬೇಸಿಗೆಗೆ ಹೋಗಿ ಮೂರು ತಿಂಗಳು ಇದ್ದು, ಕಿಟಕಿ ನೋಡಿಕೊಂಡು ಕೂರುತ್ತಾರೆ. ಅಂಥವರು ಸೆಪ್ಟೆಂಬರ್‌ವರೆಗೆ ಇದ್ದರೆ ಗುಡ್‌ವುಡ್ ರಿವೈವಲ್‌ಗೆ ಕರೆದುಕೊಂಡು ಹೋಗು ಅಂತ ಮಗನಿಗೆ ಹೇಳಿ. ಅದು ಹಳೇ ರೇಸ್ ಕಾರು, ಹಳೇ ವಿಮಾನಗಳ ಜಾತ್ರೆ, ದಕ್ಷಿಣ ಕರಾವಳಿಗೆ ಹತ್ತಿರದ ಜಾಗದಲ್ಲಿ. ಅಲ್ಲಿನ ರೇಸ್ ಟ್ರ್ಯಾಕ್ ಅಂದರೆ ಯುದ್ಧಕಾಲದ ವೆಸ್ಟ್‌ಹ್ಯಾಂಪ್‌ನೆಟ್ ಏರ್‌ಫೀಲ್ಡಿನ ಸುತ್ತುದಾರಿ, 1948ರಲ್ಲಿ ರೇಸಿಗೆ ತೆರೆದದ್ದು. ಎರಡೂ ಕಾಲು ಕಳೆದುಕೊಂಡಿದ್ದ ಪೈಲಟ್ ಡಗ್ಲಸ್ ಬೇಡರ್ 1941ರ ಆಗಸ್ಟ್ 9ರಂದು ಹಾರಿ ಹೋಗಿ ಜರ್ಮನರಿಗೆ ಸೆರೆ ಸಿಕ್ಕಿದ್ದು ಇಲ್ಲಿಂದಲೇ. ನೋಡಲು ಬರುವವರೂ ಹಳೇ ಕಾಲದ ಬಟ್ಟೆ ತೊಟ್ಟು ಬರುತ್ತಾರೆ. ನಿಮ್ಮ ಪಂಚೆ, ಶಲ್ಯ ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಅಲ್ಲಿ ನೀಲಿ ಮತ್ತು ತಿಳಿನೀಲಿ ವೃತ್ತ ಬರೆದ ವಿಮಾನ ಕಂಡರೆ ಅದನ್ನು ನಮ್ಮ ಕಡೆಯ, ಬರ್ಮಾ ಯುದ್ಧದ ಬಣ್ಣದಲ್ಲಿ ಇಟ್ಟಿದ್ದಾರೆ ಅಂತ ತಿಳಿಯಿರಿ. ಬ್ರಿಟಿಷ್ ಗುರುತಿನ ನಡುವೆ ಇರುವ ಕೆಂಪು ಚುಕ್ಕೆ ಜಪಾನಿನ ಕೆಂಪು ಸೂರ್ಯನ ಹಾಗೆ ಕಂಡು ತಮ್ಮವರೇ ಗುಂಡು ಹಾರಿಸಬಾರದು ಅಂತ ಈ ಭಾಗದಲ್ಲಿ ಕೆಂಪನ್ನು ತೆಗೆದುಬಿಟ್ಟಿದ್ದರು.

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಅರ್ಧ ದಿನ ಸಿಕ್ಕಿತು ಅಂದುಕೊಳ್ಳಿ. ಎಚ್‌ಎಎಲ್ ಅನ್ನುವ ವಿಮಾನ ಕಾರ್ಖಾನೆಯ ಹೆರಿಟೇಜ್ ಸೆಂಟರ್‌ಗೆ ಹೋಗಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಆ ಕಾರ್ಖಾನೆಯಲ್ಲಿ ಯುದ್ಧದ ಹೊತ್ತಿಗೆ ಅಮೆರಿಕದವರ ವಿಮಾನ ರಿಪೇರಿ ನಡೆಯುತ್ತಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಹೌದು, ಈಗ ನೊರೆ ಏಳುತ್ತದಲ್ಲ, ಅದೇ ಕೆರೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಅದೇ ಅಳತೆಯ ಪ್ರತಿರೂಪ ಇದೆ, ಮಕ್ಕಳಿಗೆ ಅದನ್ನೂ ತೋರಿಸಿ.

ವಾಪಸ್ ಬರುವಾಗ

ಬೊಗ್ಮಾಳೊದಿಂದ ಮಧ್ಯಾಹ್ನ ಒಂದರ ಒಳಗೆ ಹೊರಟುಬಿಡಿ. ಸಂಜೆ ಐದೂವರೆಗೆ ಹೊನ್ನಾವರ ಬಿಟ್ಟರೆ ಘಟ್ಟದ ತಿರುವುಗಳು ಬೆಳಕಿನಲ್ಲೇ ಮುಗಿಯುತ್ತವೆ. ಗೇರುಸೊಪ್ಪೆ ಕಾಡಿನಲ್ಲಿ ಸಿಂಗಳೀಕ ರಸ್ತೆ ದಾಟುತ್ತವೆ, ನಿಧಾನ ಹೋಗಿ. ಗಾಡಿಯಲ್ಲಿ ಎಲ್ಲರೂ ಎಚ್ಚರ ಇರುವಾಗಲೇ ಯಾವ ಫೋಟೋ ಯಾವ ವಿಮಾನದ್ದು ಅಂತ ಬರೆದಿಟ್ಟುಕೊಳ್ಳಿ. ಎರಡು ದಿನ ಕಳೆದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಮ್ಮ ಹುಡುಗ ಕುಮಟಾದವರೆಗೆ ನೋಟ್‌ಬುಕ್ ಬಿಡಲಿಲ್ಲ. ರೆಕ್ಕೆ ಮಡಚಿದ ಸೀ ಹಾಕ್ ಬರೆದಿದ್ದ, ಕೊಕ್ಕೆ ಮಾತ್ರ ವಿಮಾನಕ್ಕಿಂತ ದೊಡ್ಡದಾಗಿತ್ತು.